ಮೇಲೆ ಮಂಜುಗಡ್ಡೆ, ಕೆಳಗೆ ಬೆಚ್ಚಗೆ: ಫ್ರಿಜ್‌ನ ಡಿಫ್ರಾಸ್ಟ್ ವ್ಯವಸ್ಥೆ ಕೈಕೊಟ್ಟಾಗ

ಫ್ರೀಜರ್‌ನಲ್ಲಿಟ್ಟ ಐಸ್‌ಕ್ರೀಂ ಕಲ್ಲಿನಂತೆ ಗಟ್ಟಿಯಾಗಿದೆ. ಆದರೆ ಕೆಳಗಿನ ಅಂಕಣದಲ್ಲಿಟ್ಟ ಹಾಲು ಬೆಳಗಾಗುವಷ್ಟರಲ್ಲಿ ಒಡೆದಿದೆ, ರಾತ್ರಿ ಇಟ್ಟ ದೋಸೆಹಿಟ್ಟು ಹುಳಿಬಂದು ಪಾತ್ರೆಯಿಂದ ಉಕ್ಕಿ ಹರಿದಿದೆ. ಎರಡು ಬಾಗಿಲಿನ ಫ್ರಿಜ್ ಇರುವ ಮನೆಗಳಲ್ಲಿ ಈ ವಿಚಿತ್ರ ಸ್ಥಿತಿ ಒಂದಲ್ಲ ಒಂದು ದಿನ ಎದುರಾಗುವುದುಂಟು. ರಿಪೇರಿಗೆಂದು ಬಂದವರು ಫ್ರಿಜ್‌ನ ಹಿಂಬದಿಯನ್ನೊಮ್ಮೆ ಮುಟ್ಟಿ ನೋಡಿ ಹೇಳುವ ಮಾತು ಹಲವು ಬಾರಿ ಒಂದೇ ಆಗಿರುತ್ತದೆ: "ಗ್ಯಾಸ್ ಹೋಗಿದೆ, ತುಂಬಿಸಬೇಕು."

ಈ ವರದಿಗಾರನ ಮನೆಯಲ್ಲೂ ಹಾಗೆಯೇ ಆಯಿತು. ಗ್ಯಾಸ್ ತುಂಬಿಸಿದ್ದಾಯಿತು, ಹಣ ಕೊಟ್ಟಿದ್ದಾಯಿತು. ಫ್ರಿಜ್ ಎಂಟು ದಿನ ಚೆನ್ನಾಗಿ ತಂಪು ಕೊಟ್ಟಿತು. ಒಂಬತ್ತನೆಯ ದಿನ ಹಾಲು ಮತ್ತೆ ಒಡೆಯಿತು. ಎರಡನೆಯ ಬಾರಿ ಬಂದ ಹಿರಿಯ ಮೆಕ್ಯಾನಿಕ್ ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಹಲಗೆ ಬಿಚ್ಚಿದಾಗ, ಒಳಗಿನ ಕಾಯಿಲ್ ಕಾಣದಷ್ಟು ದಪ್ಪಗೆ ಬಿಳಿ ಮಂಜು ಕಟ್ಟಿಕೊಂಡಿತ್ತು. "ಗ್ಯಾಸ್ ಇಲ್ಲದಿದ್ರೆ ಇಷ್ಟು ಐಸ್ ಹೇಗೆ ಕಟ್ಟುತ್ತೆ ಸಾರ್?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ಕೆಟ್ಟಿದ್ದು ಹೆಬ್ಬೆರಳ ಗಾತ್ರದ ಒಂದು ಬಿಡಿಭಾಗ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ಮೊದಲ ರಿಪೇರಿ.

ಫ್ರಿಜ್‌ನ ಒಳಗೆ ತಾನಾಗಿ ಮಂಜು ಕರಗಿಸುವ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಅದು ಕೆಟ್ಟರೆ ಗುರುತಿಸುವುದು ಹೇಗೆ, ಮನೆಯವರು ಏನು ಮಾಡಬಹುದು, ಏನು ಮಾಡಬಾರದು ಎಂಬ ವಿವರ ಇಲ್ಲಿದೆ.

ನಿಮ್ಮ ಫ್ರಿಜ್ ಯಾವ ಬಗೆಯದು?

ಗೃಹಬಳಕೆಯ ಫ್ರಿಜ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಡೈರೆಕ್ಟ್ ಕೂಲ್. ಒಂದು ಬಾಗಿಲಿನ ಬಹುತೇಕ ಫ್ರಿಜ್‌ಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಫ್ರೀಜರ್ ಪೆಟ್ಟಿಗೆಯ ಗೋಡೆಗಳೇ ತಂಪು ಕೊಡುವ ಕಾಯಿಲ್. ಮಂಜು ಕಣ್ಣೆದುರಿಗೇ ಕಟ್ಟುತ್ತದೆ. ಅದು ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಿದ್ದಂತೆ ಥರ್ಮೋಸ್ಟಾಟ್ ಗುಬ್ಬಿಯ ನಡುವಿನ ಗುಂಡಿಯನ್ನು ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ. ಮಂಜು ಕರಗಿದ ಮೇಲೆ ಗುಂಡಿ ತಾನಾಗಿಯೇ ಹೊರಬಂದು ಫ್ರಿಜ್ ಮತ್ತೆ ಚಾಲೂ ಆಗುತ್ತದೆ.

ಎರಡನೆಯದು ಫ್ರಾಸ್ಟ್ ಫ್ರೀ. ಎರಡು ಅಥವಾ ಹೆಚ್ಚು ಬಾಗಿಲಿನ ಫ್ರಿಜ್‌ಗಳು ಸಾಮಾನ್ಯವಾಗಿ ಈ ಬಗೆಯವು. ಇಲ್ಲಿ ಕಾಯಿಲ್ ಕಣ್ಣಿಗೆ ಕಾಣುವುದಿಲ್ಲ. ಫ್ರೀಜರ್‌ನ ಹಿಂಬದಿಯ ಹಲಗೆಯ ಆಚೆ ಅದು ಅಡಗಿರುತ್ತದೆ. ಒಂದು ಪುಟ್ಟ ಫ್ಯಾನ್ ಕಾಯಿಲ್‌ನ ತಂಪನ್ನು ಎಳೆದು ಮೊದಲು ಫ್ರೀಜರ್‌ಗೂ, ಅಲ್ಲಿಂದ ಗಾಳಿಯ ಕೊಳವೆಯ ಮೂಲಕ ಕೆಳಗಿನ ಅಂಕಣಕ್ಕೂ ಹಂಚುತ್ತದೆ. ನಿಮ್ಮ ಫ್ರಿಜ್ ಯಾವ ಬಗೆಯದೆಂಬ ಅನುಮಾನವಿದ್ದರೆ ಬಾಗಿಲಿನ ಮೇಲಿನ ನಕ್ಷತ್ರ ಚೀಟಿಯನ್ನು ನೋಡಿ. ಇಂಧನ ದಕ್ಷತಾ ಬ್ಯೂರೋ 2010ರ ಜನವರಿಯಿಂದ ಫ್ರಾಸ್ಟ್ ಫ್ರೀ ಫ್ರಿಜ್‌ಗಳಿಗೆ ಈ ಚೀಟಿಯನ್ನು ಕಡ್ಡಾಯಗೊಳಿಸಿದ್ದು, ಫ್ರಿಜ್‌ನ ಬಗೆಯನ್ನೂ ಅದರಲ್ಲಿ ನಮೂದಿಸಲಾಗಿರುತ್ತದೆ.

'ಫ್ರಾಸ್ಟ್ ಫ್ರೀ' ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಈ ಫ್ರಿಜ್‌ಗಳಲ್ಲೂ ಮಂಜು ಕಟ್ಟಿಯೇ ಕಟ್ಟುತ್ತದೆ. ವ್ಯತ್ಯಾಸವೆಂದರೆ, ಅದನ್ನು ದಿನಕ್ಕೆ ಎರಡು ಮೂರು ಬಾರಿ ಫ್ರಿಜ್ ತಾನೇ ಕರಗಿಸಿ ಹೊರಹಾಕುತ್ತದೆ. ಈ ಕೆಲಸ ನಿಂತ ದಿನದಿಂದಲೇ ತೊಂದರೆ ಆರಂಭ.

ಮಂಜು ಬರುವುದೆಲ್ಲಿಂದ?

ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳನುಗ್ಗುತ್ತದೆ. ಮುಚ್ಚದೆ ಇಟ್ಟ ಸಾರು, ತೊಳೆದು ಒರೆಸದೆ ಇಟ್ಟ ಸೊಪ್ಪು, ಬಿಸಿ ಆರದ ಅನ್ನ ಇವೆಲ್ಲ ಒಳಗಿನ ಗಾಳಿಗೆ ತೇವ ಸೇರಿಸುತ್ತವೆ. ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣಾಂಶದಲ್ಲಿರುವ ಕಾಯಿಲ್‌ಗೆ ಈ ಗಾಳಿ ತಾಗಿದೊಡನೆ ತೇವವೆಲ್ಲ ಅಲ್ಲೇ ಮಂಜಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳ ಫ್ರಿಜ್‌ಗಳು ಒಣಹವೆಯ ರಾಯಚೂರು, ಕಲಬುರಗಿಯ ಫ್ರಿಜ್‌ಗಳಿಗಿಂತ ಹೆಚ್ಚು ಮಂಜಿನೊಡನೆ ಸೆಣಸಬೇಕಾಗುವುದು ಇದೇ ಕಾರಣಕ್ಕೆ.

ತೆಳುವಾದ ಮಂಜಿನಿಂದ ತೊಂದರೆಯಿಲ್ಲ. ಆದರೆ ಅದು ದಪ್ಪವಾದಂತೆ ಎರಡು ಕೆಡುಕು ಉಂಟಾಗುತ್ತವೆ. ಒಂದು, ಮಂಜು ಶಾಖವನ್ನು ಸುಲಭವಾಗಿ ದಾಟಗೊಡದ ವಸ್ತುವಾದ್ದರಿಂದ ಕಾಯಿಲ್‌ಗೆ ಕಂಬಳಿ ಹೊದಿಸಿದಂತಾಗುತ್ತದೆ. ಎರಡು, ಕಾಯಿಲ್‌ನ ತೆಳು ತಗಡುಗಳ ನಡುವಿನ ಸಂದು ಮುಚ್ಚಿಹೋಗಿ ಗಾಳಿ ಹರಿಯದಾಗುತ್ತದೆ. ಆಗ ಕಾಯಿಲ್‌ಗೆ ತೀರ ಹತ್ತಿರದಲ್ಲಿರುವ ಫ್ರೀಜರ್ ಕೆಲ ದಿನ ಹೇಗೋ ತಂಪಾಗಿಯೇ ಉಳಿಯುತ್ತದೆ. ದೂರದ ಕೆಳ ಅಂಕಣಕ್ಕೆ ಮಾತ್ರ ತಂಪುಗಾಳಿ ತಲುಪುವುದಿಲ್ಲ. 'ಮೇಲೆ ಮಂಜುಗಡ್ಡೆ, ಕೆಳಗೆ ಬೆಚ್ಚಗೆ' ಎಂಬ ಒಗಟಿನ ಉತ್ತರ ಇಷ್ಟೇ.

ಕರಗಿಸುವ ಯಂತ್ರಾಂಗ

ಸ್ವಯಂಚಾಲಿತ ಡಿಫ್ರಾಸ್ಟ್ ವ್ಯವಸ್ಥೆಯಲ್ಲಿ ಮುಖ್ಯವಾಗಿ ಐದು ಅಂಗಗಳಿವೆ.

ಟೈಮರ್: ಕಂಪ್ರೆಸರ್ ಸುಮಾರು 6ರಿಂದ 12 ಗಂಟೆ ಓಡಿದ ಮೇಲೆ ಅದನ್ನೂ ಫ್ಯಾನನ್ನೂ ನಿಲ್ಲಿಸಿ ಹೀಟರಿಗೆ ವಿದ್ಯುತ್ ಕೊಡುವ ಗಡಿಯಾರ ಇದು. 20ರಿಂದ 30 ನಿಮಿಷದ ಬಳಿಕ ಮತ್ತೆ ಫ್ರಿಜ್ ಚಾಲೂ ಮಾಡುತ್ತದೆ. ಹಳೆಯ ಮಾದರಿಗಳಲ್ಲಿ ಹಲ್ಲುಚಕ್ರಗಳ ಯಾಂತ್ರಿಕ ಟೈಮರ್ ಇದ್ದರೆ, ಈಚಿನ ಮಾದರಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ ಬೋರ್ಡ್ ನಿರ್ವಹಿಸುತ್ತದೆ. ಬಾಗಿಲು ಎಷ್ಟು ಬಾರಿ ತೆರೆಯಿತು, ಕಳೆದ ಬಾರಿ ಮಂಜು ಕರಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಲೆಕ್ಕ ಹಾಕಿ ಸಮಯ ನಿರ್ಧರಿಸುವ ಬೋರ್ಡ್‌ಗಳೂ ಇವೆ.

ಹೀಟರ್: ಕಾಯಿಲ್‌ನ ಕೆಳಗೆ ಗಾಜಿನ ಕೊಳವೆಯ ರೂಪದಲ್ಲೋ, ಕಾಯಿಲ್‌ಗೇ ಸುತ್ತಿದ ಲೋಹದ ಕೊಳವೆಯ ರೂಪದಲ್ಲೋ ಇರುತ್ತದೆ. ಮಂಜನ್ನು ಕರಗಿಸುವುದು ಇದೇ.

ಬೈಮೆಟಲ್: ಡಿಫ್ರಾಸ್ಟ್ ಥರ್ಮೋಸ್ಟಾಟ್ ಎಂದೂ ಕರೆಯುತ್ತಾರೆ. ಕಾಯಿಲ್‌ಗೆ ಕಚ್ಚಿಸಿರುವ ಈ ಗುಂಡನೆಯ ಪುಟ್ಟ ಸ್ವಿಚ್, ಕಾಯಿಲ್ ಚೆನ್ನಾಗಿ ತಂಪಾಗಿದ್ದಾಗ ಮಾತ್ರ ಹೀಟರಿಗೆ ವಿದ್ಯುತ್ ಹರಿಯಗೊಡುತ್ತದೆ. ಮಂಜು ಕರಗಿ ಕಾಯಿಲ್ ಸುಮಾರು 10 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸಂಪರ್ಕ ಕಡಿಯುತ್ತದೆ. ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಈ ಕೆಲಸಕ್ಕೆ ಸೆನ್ಸರ್ ಇರುತ್ತದೆ.

ಥರ್ಮಲ್ ಫ್ಯೂಸ್: ಬೈಮೆಟಲ್ ಕೆಟ್ಟು ಹೀಟರ್ ಉರಿಯುತ್ತಲೇ ಇದ್ದರೆ ಅನಾಹುತ ತಪ್ಪಿಸುವ ಕೊನೆಯ ಕಾವಲುಗಾರ. ಮಾದರಿಗೆ ತಕ್ಕಂತೆ ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆ ಕಡಿದುಹೋದರೆ ಮುಗಿಯಿತು, ಹೊಸದನ್ನೇ ಹಾಕಬೇಕು.

ನೀರಿಳಿಯುವ ದಾರಿ: ಕರಗಿದ ನೀರು ಕಾಯಿಲ್‌ನ ಅಡಿಯ ದೋಣಿಗೆ ಬಿದ್ದು, ರಂಧ್ರದ ಮೂಲಕ ಪೈಪಿಗಿಳಿದು, ಫ್ರಿಜ್‌ನ ಹಿಂದೆ ಕಂಪ್ರೆಸರ್ ಬಳಿಯಿರುವ ಟ್ರೇಗೆ ಸೇರುತ್ತದೆ. ಅಲ್ಲಿ ಕಂಪ್ರೆಸರಿನ ಬಿಸಿಗೆ ಆವಿಯಾಗುತ್ತದೆ.

ಈ ಐದರಲ್ಲಿ ಒಂದು ಕೈಕೊಟ್ಟರೂ ಸರಪಳಿ ತುಂಡಾದಂತೆ.

ಹೀಟರ್ ಎಂದೊಡನೆ ವಿದ್ಯುತ್ ಬಿಲ್ಲಿನ ಚಿಂತೆ ಬೇಡ. 150 ವ್ಯಾಟ್‌ನ ಹೀಟರ್ 20 ನಿಮಿಷದಂತೆ ದಿನಕ್ಕೆ ಮೂರು ಬಾರಿ ಉರಿದರೂ ಖರ್ಚಾಗುವುದು 0.15 ಯೂನಿಟ್, ತಿಂಗಳಿಗೆ ಸುಮಾರು ನಾಲ್ಕೂವರೆ ಯೂನಿಟ್. ಮಂಜು ಕಟ್ಟಿದ ಕಾಯಿಲ್‌ನೊಡನೆ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೆ ಆಗುವ ಹೊರೆ ಇದಕ್ಕಿಂತ ಬಹಳ ಹೆಚ್ಚು.

ಸಹಜ ಯಾವುದು, ದೋಷ ಯಾವುದು?

ದಿನದಲ್ಲಿ ಆಗಾಗ ಅರ್ಧ ಗಂಟೆಯಷ್ಟು ಹೊತ್ತು ಫ್ರಿಜ್ ಸದ್ದಿಲ್ಲದೆ ನಿಲ್ಲುವುದು, ಬಿಸಿ ಕಾವಲಿಗೆ ನೀರು ಚಿಮುಕಿಸಿದಂತೆ ಚುಂಯ್ ಎನ್ನುವುದು, ಹಿಂಬದಿಯ ಟ್ರೇಯಲ್ಲಿ ನೀರು ಕಾಣಿಸುವುದು ಇವೆಲ್ಲ ಸಹಜ. ಮಂಜು ಕರಗುತ್ತಿದೆ ಎಂಬುದರ ಸೂಚನೆಗಳಿವು. ಹಿಂದೆ ಕೇಳುತ್ತಿದ್ದ ಈ ಸದ್ದು ಈಚೆಗೆ ಕೇಳಿಸುತ್ತಲೇ ಇಲ್ಲ, ಟ್ರೇ ಸದಾ ಒಣಗಿದೆ ಎಂದಾದರೆ ಅನುಮಾನ ಪಡಬೇಕು.

ದೋಷದ ಲಕ್ಷಣಗಳು ಹೀಗಿವೆ: ಕೆಳಗಿನ ಅಂಕಣ ದಿನೇದಿನೇ ಬೆಚ್ಚಗಾಗುತ್ತಾ ಹೋಗುವುದು, ಕಂಪ್ರೆಸರ್ ಬಿಡುವಿಲ್ಲದೆ ಓಡುವುದು, ಫ್ರೀಜರ್‌ನ ಹಿಂಬದಿಯ ಹಲಗೆಯ ಮೇಲೆ ಬಿಳಿ ಮಂಜು ಮೂಡುವುದು ಅಥವಾ ಹಲಗೆ ಉಬ್ಬಿದಂತೆ ಕಾಣುವುದು, ಫ್ಯಾನಿನ ರೆಕ್ಕೆ ಮಂಜಿಗೆ ಉಜ್ಜಿ ಕರಕರ ಸದ್ದು ಬರುವುದು.

ಇದೇ ಲಕ್ಷಣ ತೋರುವ ಬೇರೆ ಮೂರು ಕಾರಣಗಳನ್ನು ಮೊದಲು ತಳ್ಳಿಹಾಕಬೇಕು.

ಬಾಗಿಲಿನ ರಬ್ಬರ್ ಗ್ಯಾಸ್ಕೆಟ್: ಒಂದು ನೋಟನ್ನು ಬಾಗಿಲಿನ ಸಂದಿನಲ್ಲಿಟ್ಟು ಮುಚ್ಚಿ ಎಳೆಯಿರಿ. ಹಿಡಿತವಿಲ್ಲದೆ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ನಾಲ್ಕೂ ಅಂಚುಗಳಲ್ಲಿ ಹೀಗೆ ಪರೀಕ್ಷಿಸಿ. ಜಿಡ್ಡು ಕಟ್ಟಿದ್ದರೆ ಬೆಚ್ಚನೆಯ ಸಾಬೂನು ನೀರಿನಲ್ಲಿ ಒರೆಸಿದರೆ ಹಲವೊಮ್ಮೆ ಸರಿಹೋಗುತ್ತದೆ. ಗ್ಯಾಸ್ಕೆಟ್ ದೋಷವಿದ್ದಾಗ ಮಂಜು ಬಾಗಿಲಿನ ಬಳಿ, ಸಾಮಾನುಗಳ ಮೇಲೆ ಕಾಣಿಸಿಕೊಳ್ಳುವುದು ಹೆಚ್ಚು.

ಫ್ಯಾನ್: ಬಾಗಿಲು ತೆರೆದು ಫ್ರೀಜರ್‌ನ ಬಾಗಿಲ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಆಲಿಸಿ. ಕಂಪ್ರೆಸರ್ ಓಡುತ್ತಿದ್ದರೂ ಫ್ಯಾನಿನ ಸದ್ದಾಗಲಿ ಗಾಳಿಯಾಗಲಿ ಬಾರದಿದ್ದರೆ ಫ್ಯಾನ್ ಕೆಟ್ಟಿರಬಹುದು, ಇಲ್ಲವೇ ಮಂಜಿನಲ್ಲಿ ಸಿಕ್ಕಿಕೊಂಡಿರಬಹುದು.

ಗಾಳಿಯ ಕಿಂಡಿ: ಫ್ರೀಜರ್‌ನಲ್ಲೂ ಕೆಳಗೂ ಹಿಂಬದಿಯ ಕಿಂಡಿಗಳಿಗೆ ಪಾತ್ರೆ, ಪೊಟ್ಟಣಗಳನ್ನು ಒತ್ತರಿಸಿ ಇಟ್ಟಿದ್ದರೆ ಯಾವ ಬಿಡಿಭಾಗ ಕೆಡದೆಯೂ ಕೆಳಗೆ ತಂಪು ಇಳಿಯುವುದಿಲ್ಲ.

ಗ್ಯಾಸ್ ಹೋಗಿದ್ದರೆ ಹೇಗಿರುತ್ತದೆ?

ಫ್ರಿಜ್‌ನ ಗ್ಯಾಸ್ ಅಡುಗೆ ಅನಿಲದ ಸಿಲಿಂಡರಿನಂತೆ ಬಳಸಿ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಜಾಗ ಹುಡುಕಿ ಬೆಸುಗೆ ಹಾಕದೆ ಬರಿದೇ ತುಂಬಿಸಿದರೆ ಮತ್ತೆ ಹೋಗುತ್ತದೆ.

ಗ್ಯಾಸ್ ಕಡಿಮೆಯಾದಾಗ ಮೇಲೂ ಕೆಳಗೂ ಎರಡೂ ಕಡೆ ತಂಪು ಕುಗ್ಗುತ್ತದೆ. ಹಿಂಬದಿಯ ಅಥವಾ ಪಕ್ಕದ ಬಿಸಿ ಕೊಳವೆಗಳು ಮೊದಲಿನಂತೆ ಬಿಸಿಯಾಗುವುದಿಲ್ಲ. ಎಲ್ಲಕ್ಕಿಂತ ಖಚಿತವಾದ ಗುರುತು ಕಾಯಿಲ್‌ನ ಮೇಲಿರುತ್ತದೆ: ಗ್ಯಾಸ್ ಕಡಿಮೆಯಿದ್ದರೆ ಕಾಯಿಲ್‌ನ ಮೊದಲ ಕೆಲವು ಸುತ್ತುಗಳ ಮೇಲಷ್ಟೇ ಮಂಜು ಕೂತು ಉಳಿದ ಭಾಗ ಬರಿದಾಗಿರುತ್ತದೆ. ಡಿಫ್ರಾಸ್ಟ್ ಕೆಟ್ಟಿದ್ದರೆ ಇಡೀ ಕಾಯಿಲ್ ಮಂಜಿನಲ್ಲಿ ಹುದುಗಿಹೋಗಿರುತ್ತದೆ. ಆದ್ದರಿಂದ ಹಿಂಬದಿಯ ಹಲಗೆ ಬಿಚ್ಚಿ ಕಾಯಿಲ್ ನೋಡದೆ 'ಗ್ಯಾಸ್ ಹೋಗಿದೆ' ಎಂದು ತೀರ್ಪು ಕೊಡುವುದು ಸರಿಯಾದ ಕ್ರಮವಲ್ಲ.

ಇಲ್ಲಿ ಗ್ರಾಹಕರು ಮೋಸಹೋಗುವ, ಕೆಲವೊಮ್ಮೆ ಮೆಕ್ಯಾನಿಕ್ಕೇ ತಪ್ಪು ತಿಳಿಯುವ ಸಂಗತಿಯೊಂದಿದೆ. ಗ್ಯಾಸ್ ತುಂಬಿಸಲು ಫ್ರಿಜ್ಜನ್ನು ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಆರಿಸಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಕಾಯಿಲ್ ಮೇಲಿನ ಮಂಜೆಲ್ಲ ತಾನಾಗಿ ಕರಗಿಹೋಗುತ್ತದೆ. ಮತ್ತೆ ಚಾಲೂ ಮಾಡಿದಾಗ ಫ್ರಿಜ್ ಹೊಸದರಂತೆ ತಂಪು ಕೊಡುತ್ತದೆ. ಅದು ಗ್ಯಾಸಿನ ಮಹಿಮೆಯಲ್ಲ, ಮಂಜು ಕರಗಿದ್ದರ ಫಲ. ಹೀಟರ್ ಇನ್ನೂ ಉರಿಯುತ್ತಿಲ್ಲವಾದ್ದರಿಂದ ವಾರ ಹತ್ತು ದಿನಗಳಲ್ಲಿ ಮಂಜು ಮತ್ತೆ ತುಂಬಿ ಹಳೆಯ ಕಥೆ ಮರುಕಳಿಸುತ್ತದೆ. ಅಷ್ಟರಲ್ಲಿ ಹಣವೂ ಹೋಗಿರುತ್ತದೆ, ಚೆನ್ನಾಗಿದ್ದ ಕೊಳವೆಯನ್ನು ಕಾರಣವಿಲ್ಲದೆ ಕತ್ತರಿಸಿ ಬೆಸೆದಿದ್ದೂ ಆಗಿರುತ್ತದೆ. ಆ ಕೆಲಸದಲ್ಲಿ ಕೊಳವೆಯೊಳಗೆ ತೇವ ಸೇರಿಕೊಂಡರೆ ಇಲ್ಲದ ಹೊಸ ರೋಗವೊಂದು ಅಂಟಿಕೊಳ್ಳುತ್ತದೆ.

ಒಂದು ದಿನದ ಪರೀಕ್ಷೆ

ಇದೇ ಸಂಗತಿಯನ್ನು ಖರ್ಚಿಲ್ಲದ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಪ್ಲಗ್ ತೆಗೆದು, ಎರಡೂ ಬಾಗಿಲುಗಳನ್ನು ತೆರೆದಿಟ್ಟು, ಫ್ರಿಜ್ಜನ್ನು ಪೂರ್ತಿ 24 ಗಂಟೆ ಬಿಡಿ. ಫ್ರೀಜರ್‌ನ ತಳಕ್ಕೂ ನೆಲಕ್ಕೂ ಹಳೆಯ ಬಟ್ಟೆ ಹಾಸಿ. ಹಿಂಬದಿಯ ಟ್ರೇ ತುಂಬಿ ಹರಿಯದಂತೆ ನಡುನಡುವೆ ನೋಡಿಕೊಳ್ಳಿ. ಮರುದಿನ ಒಳಭಾಗ ಒರೆಸಿ ಚಾಲೂ ಮಾಡಿ, ದಿನಾಂಕ ಬರೆದಿಟ್ಟುಕೊಳ್ಳಿ.

ಮುಂದಿನ ಒಂದು ದಿನದಲ್ಲಿ ಮೇಲೂ ಕೆಳಗೂ ಚೆನ್ನಾಗಿ ತಂಪಾಗಿ, ವಾರ ಹತ್ತು ದಿನಗಳ ನಂತರ ಕೆಳಗೆ ಮತ್ತೆ ಬೆಚ್ಚಗಾದರೆ ದೋಷ ಡಿಫ್ರಾಸ್ಟ್ ವ್ಯವಸ್ಥೆಯಲ್ಲಿದೆ ಎಂದು ಬಹುಮಟ್ಟಿಗೆ ಖಚಿತ. ಮಂಜು ಪೂರ್ತಿ ಕರಗಿದ ಮೇಲೂ ತಂಪಾಗದಿದ್ದರೆ ಗ್ಯಾಸ್, ಕಂಪ್ರೆಸರ್ ಅಥವಾ ಫ್ಯಾನ್ ಕಡೆ ಗಮನ ಹರಿಸಬೇಕು. ತೊಂದರೆ ಮತ್ತೆ ಬಾರದೇ ಹೋದರೆ ರಾತ್ರಿಯಿಡೀ ಬಾಗಿಲು ಸರಿಯಾಗಿ ಮುಚ್ಚದೆ ಉಳಿದಂಥ ಆಕಸ್ಮಿಕ ಕಾರಣ ಇದ್ದಿರಬಹುದು. ಆಗ ರಿಪೇರಿಯೇ ಬೇಕಿಲ್ಲ.

ಪರೀಕ್ಷೆಗೆ ಮುನ್ನ ಒಳಗಿರುವ ಪದಾರ್ಥಗಳ ವ್ಯವಸ್ಥೆ ಆಗಬೇಕು. ಕೆಳಗಿನ ಅಂಕಣ 4 ಡಿಗ್ರಿ ಸೆಲ್ಸಿಯಸ್‌ನೊಳಗೆ, ಫ್ರೀಜರ್ ಮೈನಸ್ 18ರಲ್ಲಿ ಇರಬೇಕೆಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಅಳತೆ. ಅಗ್ಗದ ಥರ್ಮಾಮೀಟರ್ ಒಂದನ್ನು ಕೆಳಗಿನ ಅಂಕಣದಲ್ಲಿ ಲೋಟ ನೀರಿನೊಳಗೆ ರಾತ್ರಿಯಿಡೀ ಇಟ್ಟು ನೋಡಿದರೆ ಊಹೆಯ ಮಾತೇ ಉಳಿಯುವುದಿಲ್ಲ. ಮಾಂಸ, ಮೀನು, ಬೇಯಿಸಿದ ಅಡುಗೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬೆಚ್ಚಗೆ ಉಳಿದಿದ್ದರೆ ರುಚಿ ನೋಡಲು ಹೋಗದೆ ಚೆಲ್ಲುವುದೇ ಲೇಸು.

ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ವಿಷಯ ಇನ್ನೂ ಗಂಭೀರ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅದು ಬೆಚ್ಚಗಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಳಗೆ ಬೆಚ್ಚಗಾಯಿತೆಂದು ಫ್ರೀಜರಿಗೆ ವರ್ಗಾಯಿಸುವುದು ಸಲ್ಲದು. ನೆರೆಮನೆಯ ಫ್ರಿಜ್‌ನ ಕೆಳ ಅಂಕಣವೇ ಸರಿಯಾದ ಜಾಗ. ಬೆಚ್ಚಗಿನ ಫ್ರಿಜ್‌ನಲ್ಲಿ ದಿನಗಟ್ಟಲೆ ಉಳಿದ ಔಷಧವನ್ನು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳದೆ ಬಳಸಬಾರದು.

ದೋಷ ಯಾವ ಭಾಗದಲ್ಲಿ?

ಇಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ. ಆದರೂ ಕ್ರಮ ತಿಳಿದಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ಈ ಪರಿಶೀಲನೆಗೆ ಮಂಜು ಕಟ್ಟಿದ ಸ್ಥಿತಿಯೇ ಅನುಕೂಲ. ಆದ್ದರಿಂದ ಒಂದು ದಿನದ ಪರೀಕ್ಷೆಯ ನಂತರ ಕೆಳಗೆ ಮತ್ತೆ ಬೆಚ್ಚಗಾದಾಗಲೇ, ಮಂಜು ಕರಗಿಸದೆ, ಅವರನ್ನು ಕರೆಸುವುದು ಒಳ್ಳೆಯದು.

ಯಾಂತ್ರಿಕ ಟೈಮರ್ ಇರುವ ಫ್ರಿಜ್‌ನಲ್ಲಿ ಮೊದಲ ಪರೀಕ್ಷೆ ಸರಳ. ಪ್ಲಗ್ ತೆಗೆದು, ಟೈಮರಿನ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮಾತ್ರ 'ಟಕ್' ಎನ್ನುವವರೆಗೆ ನಿಧಾನವಾಗಿ ತಿರುಗಿಸುತ್ತಾರೆ. ಮತ್ತೆ ಪ್ಲಗ್ ಹಾಕಿದಾಗ ಕಂಪ್ರೆಸರ್ ನಿಂತು, ಕೆಲ ನಿಮಿಷಗಳಲ್ಲಿ ಹೀಟರಿನ ಚುಂಯ್ ಸದ್ದು ಕೇಳಿದರೆ ಹೀಟರ್, ಬೈಮೆಟಲ್, ಫ್ಯೂಸ್ ಮೂರೂ ಸರಿಯಿವೆ. ತಾನಾಗಿ ತಿರುಗದ ಟೈಮರೇ ಅಪರಾಧಿ. ಕಂಪ್ರೆಸರ್ ನಿಂತರೂ ಹೀಟರ್ ಬಿಸಿಯಾಗದಿದ್ದರೆ ದೋಷ ಆ ಮೂರರಲ್ಲಿ ಒಂದರಲ್ಲಿದೆ.

ಟೈಮರ್ ಇದಕ್ಕೆ ತಿರುಗುಮುರುಗಾಗಿಯೂ ಕೆಡಬಹುದು. ಕರಗಿಸುವ ಘಟ್ಟದಲ್ಲೇ ಅದು ಸಿಕ್ಕಿಕೊಂಡರೆ ಒಳಗಿನ ದೀಪ ಉರಿಯುತ್ತದೆ, ಆದರೆ ಕಂಪ್ರೆಸರೂ ಫ್ಯಾನೂ ಎಷ್ಟು ಹೊತ್ತಾದರೂ ಚಾಲೂ ಆಗುವುದಿಲ್ಲ. 'ಕಂಪ್ರೆಸರ್ ಸುಟ್ಟಿದೆ' ಎಂಬ ತೀರ್ಪು ಕೇಳಿಬಂದಾಗ, ಟೈಮರ್ ತಿರುಗಿಸಿ ನೋಡಿದಿರಾ ಎಂದು ಒಂದು ಮಾತು ಕೇಳುವುದು ಸಾವಿರಾರು ರೂಪಾಯಿ ಉಳಿಸಬಹುದು.

ಹೀಟರನ್ನು ಪ್ಲಗ್ ತೆಗೆದ ಸ್ಥಿತಿಯಲ್ಲಿ ಮಲ್ಟಿಮೀಟರಿನಿಂದ ಅಳೆಯಬಹುದು. 230 ವೋಲ್ಟ್‌ಗೆ 150 ವ್ಯಾಟ್‌ನ ಹೀಟರ್ ಆದರೆ ಸುಮಾರು 350 ಓಮ್, 200 ವ್ಯಾಟ್‌ನದಾದರೆ ಸುಮಾರು 265 ಓಮ್ ತೋರಿಸಬೇಕು. ಮೀಟರ್ ಏನನ್ನೂ ತೋರದಿದ್ದರೆ ತಂತಿ ಕಡಿದಿದೆ. ಗಾಜಿನ ಕೊಳವೆ ಕಪ್ಪಾಗಿರುವುದು, ಬಿರುಕು ಬಿಟ್ಟಿರುವುದು ಕಣ್ಣಿಗೇ ಕಾಣುವ ಗುರುತು.

ಬೈಮೆಟಲ್ ಪರೀಕ್ಷೆಯಲ್ಲಿ ತಪ್ಪಾಗುವುದು ಹೆಚ್ಚು. ಕೋಣೆಯ ಉಷ್ಣಾಂಶದಲ್ಲಿ ಅದು ಸಂಪರ್ಕ ಕಡಿದಿರುವುದೇ ಸರಿ. ಬಿಚ್ಚಿ ಮೇಜಿನ ಮೇಲಿಟ್ಟು ಅಳೆದು 'ಕೆಟ್ಟಿದೆ' ಎನ್ನುವುದು ಸರಿಯಲ್ಲ. ಐಸ್ ಚೂರುಗಳಿಗೆ ಉಪ್ಪು ಬೆರೆಸಿದರೆ ಶೂನ್ಯಕ್ಕಿಂತ ಹತ್ತು ಡಿಗ್ರಿಗೂ ಕೆಳಗಿನ ತಂಪು ಸಿಗುತ್ತದೆ. ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆ ಮಿಶ್ರಣದಲ್ಲಿ ಹತ್ತು ನಿಮಿಷ ಇಟ್ಟ ಮೇಲೂ ಸಂಪರ್ಕ ಕೂಡದಿದ್ದರೆ ಆಗ ಅದು ಕೆಟ್ಟಿದೆ. ಹೊಟ್ಟೆ ಉಬ್ಬಿಕೊಂಡ, ಒಳಗೆ ನೀರು ಸೇರಿದ ಬೈಮೆಟಲನ್ನು ಅಳೆಯದೆಯೂ ಬದಲಿಸಬಹುದು.

ಥರ್ಮಲ್ ಫ್ಯೂಸ್ ಹೋಗಿದ್ದರೆ ಅದನ್ನಷ್ಟೇ ಬದಲಿಸಿ ಸುಮ್ಮನಾಗಬಾರದು. ಸಂಪರ್ಕ ಕಡಿಯದೆ ಅಂಟಿಕೊಂಡ ಬೈಮೆಟಲ್ ಇದ್ದರೆ ಹೊಸ ಫ್ಯೂಸೂ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವುದು ವಿವೇಕ. ಫ್ಯೂಸನ್ನು ಕಿತ್ತು ತಂತಿಗೆ ತಂತಿ ಜೋಡಿಸಿ "ಡೈರೆಕ್ಟ್ ಕೊಟ್ಟಿದ್ದೀನಿ ಸಾರ್, ಇನ್ನು ತೊಂದ್ರೆ ಇಲ್ಲ" ಎನ್ನುವವರೂ ಇದ್ದಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಮುಂದೊಮ್ಮೆ ಹೀಟರ್ ನಿಲ್ಲದೆ ಉರಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಸೆನ್ಸರಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಫ್ರಿಜ್‌ಗಳು ಫಲಕದ ಮೇಲೆ ದೋಷದ ಸಂಕೇತ ತೋರಿಸುತ್ತವೆ, ಗುಂಡಿಗಳನ್ನು ಒತ್ತಿ ಒತ್ತಾಯದಿಂದ ಮಂಜು ಕರಗಿಸುವ ಸೌಲಭ್ಯವೂ ಇರುತ್ತದೆ. ಬೋರ್ಡ್ ಬದಲಾವಣೆ ದುಬಾರಿಯಾದ್ದರಿಂದ ಸೆನ್ಸರ್, ಹೀಟರ್, ಫ್ಯೂಸ್ ಪರೀಕ್ಷಿಸಿದ ನಂತರವಷ್ಟೇ ಬೋರ್ಡಿನ ಮಾತು ಬರಬೇಕು.

ತರಕಾರಿ ಬುಟ್ಟಿಯ ಕೆಳಗೆ ನೀರು

ಮಂಜು ಸರಿಯಾಗಿ ಕರಗುತ್ತಿದ್ದರೂ ನೀರಿಳಿಯುವ ರಂಧ್ರ ಕಟ್ಟಿಕೊಂಡರೆ ಬೇರೆ ಬಗೆಯ ತೊಂದರೆ. ಫ್ರೀಜರ್‌ನ ತಳದಲ್ಲಿ ಐಸಿನ ಹಾಳೆ ಕಟ್ಟುತ್ತದೆ, ತರಕಾರಿ ಬುಟ್ಟಿಯ ಕೆಳಗೆ ನೀರು ನಿಲ್ಲುತ್ತದೆ. ದೂಳು, ಆಹಾರದ ಚೂರು, ಹೆಪ್ಪುಗಟ್ಟಿದ ನೀರು ಇದಕ್ಕೆ ಕಾರಣ. ಫ್ರಿಜ್ ಆರಿಸಿ, ಐಸ್ ಕರಗಿದ ಮೇಲೆ ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಬೆಚ್ಚನೆಯ ನೀರನ್ನು ರಂಧ್ರಕ್ಕೆ ಬಿಡಬೇಕು. ಕುದಿನೀರು ಬೇಡ. ಹಿಂಬದಿಯ ಟ್ರೇಗೆ ನೀರು ಸರಾಗವಾಗಿ ಇಳಿದರೆ ದಾರಿ ತೆರೆದಂತೆ.

ಆ ಟ್ರೇಯನ್ನು ವಾರಕ್ಕೊಮ್ಮೆ ಚೆಲ್ಲಿ ಒರೆಸುವುದು ಕೇವಲ ಸ್ವಚ್ಛತೆಯ ಮಾತಲ್ಲ. ನಿಂತ ತಿಳಿನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದನ್ನು ಇಲ್ಲಿ ನೆನೆಯಬಹುದು.

ಇವನ್ನು ಮಾಡಬೇಡಿ

ಚಾಕು, ಚಮಚ, ಸ್ಕ್ರೂಡ್ರೈವರ್‌ಗಳಿಂದ ಮಂಜು ಕೆತ್ತಬೇಡಿ. ಕಾಯಿಲ್‌ನ ಅಲ್ಯೂಮಿನಿಯಂ ಕೊಳವೆ ತೂತಾದರೆ ಇಲ್ಲದ ಗ್ಯಾಸ್ ಸೋರಿಕೆಯನ್ನು ನಾವೇ ತಂದುಕೊಂಡಂತೆ. ಈಚಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್-600ಎ ಎಂಬ ಅನಿಲವಿರುತ್ತದೆ. ಓಜೋನ್ ಪದರಕ್ಕೆ ಹಾನಿ ಮಾಡದ ಈ ಅನಿಲ ಬೆಂಕಿ ಹತ್ತಿಕೊಳ್ಳುವಂಥದ್ದು. ಫ್ರಿಜ್‌ನ ಹಿಂಬದಿಯ ಅಥವಾ ಒಳಬದಿಯ ಮಾಹಿತಿ ಫಲಕದಲ್ಲಿ ಅನಿಲದ ಹೆಸರು ಬರೆದಿರುತ್ತದೆ, ಕಂಪ್ರೆಸರ್ ಬಳಿ ಜ್ವಾಲೆಯ ಚಿತ್ರದ ಹಳದಿ ತ್ರಿಕೋನವೂ ಇರುತ್ತದೆ. ಇಂಥ ಫ್ರಿಜ್‌ನೊಳಗೆ ಹೇರ್ ಡ್ರೈಯರ್, ಮೇಣದಬತ್ತಿ, ಹೀಟರ್ ಇಟ್ಟು ಮಂಜು ಕರಗಿಸುವ ಸಾಹಸ ಸಲ್ಲದು. ಅವಸರವಿದ್ದರೆ ಬಿಸಿನೀರಿನ ಪಾತ್ರೆಯನ್ನು ಫ್ರೀಜರ್‌ನಲ್ಲಿ ಮಣೆಯ ಮೇಲಿಟ್ಟು ಬಾಗಿಲು ಮುಚ್ಚಿದರೆ ಸಾಕು. ಒಳಗಿನ ತಂತಿಗಳನ್ನು ಪ್ಲಗ್ ತೆಗೆಯದೆ ಯಾರೂ ಮುಟ್ಟಬಾರದು.

ಮೆಕ್ಯಾನಿಕ್ ಬಂದಾಗ

ಹಿಂಬದಿಯ ಹಲಗೆ ಬಿಚ್ಚಿ ಕಾಯಿಲ್ ತೋರಿಸುವಂತೆ ಕೇಳಿ. ಮಂಜು ಪೂರ್ತಿ ಕಟ್ಟಿದೆಯೇ, ಅರೆಬರೆಯೇ ಎಂದು ನೀವೇ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ಭಾಗವನ್ನು ಹೇಗೆ ಪರೀಕ್ಷಿಸಿದಿರಿ ಎಂದು ವಿಚಾರಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಭಾಗದ ಹೆಸರು, ಬೆಲೆ, ಖಾತರಿಯ ಅವಧಿ ನಮೂದಿಸಿದ ಬಿಲ್ಲು ಇರಲಿ. ಗ್ಯಾಸ್ ತುಂಬಿಸಲೇಬೇಕು ಎಂದರೆ ಸೋರಿಕೆ ಎಲ್ಲಿದೆ ಎಂಬುದನ್ನು ತೋರಿಸಲು ಹೇಳಿ. ಬಿಲ್ಲು ಇದ್ದೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬೈಮೆಟಲ್, ಫ್ಯೂಸ್, ಟೈಮರ್‌ಗಳು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳ ಸಾಮಾನು. ಇವು ಕೆಟ್ಟವೆಂದು ಹತ್ತಾರು ವರ್ಷ ಬಾಳಬಲ್ಲ ಫ್ರಿಜ್ಜನ್ನು ಗುಜರಿಗೆ ಹಾಕುವುದಾಗಲಿ, ಕಾರಣವಿಲ್ಲದೆ ಗ್ಯಾಸ್ ತುಂಬಿಸುವುದಾಗಲಿ ಬೇಕಿಲ್ಲ. ಕೆಳಗಿನ ಅಂಕಣದಲ್ಲಿ ಹಾಲು ಒಡೆದ ದಿನ ಗಾಬರಿಯಾಗದೆ ಮೊದಲು ಪ್ಲಗ್ ತೆಗೆದು ಒಂದು ದಿನ ಕಾಯಿರಿ, ಆಮೇಲೆ ವಾರ ಹತ್ತು ದಿನ ಲೆಕ್ಕ ಇಡಿ. ಮತ್ತೆ ಬೆಚ್ಚಗಾದರೆ, ಬಂದವರಿಗೆ ಮೊದಲು ಕೇಳಬೇಕಾದದ್ದು ಆ ಹಿರಿಯ ಮೆಕ್ಯಾನಿಕ್ ಕೇಳಿದ ಪ್ರಶ್ನೆಯನ್ನೇ: ಗ್ಯಾಸ್ ಇಲ್ಲದಿದ್ದರೆ ಇಷ್ಟು ಐಸ್ ಕಟ್ಟಿದ್ದು ಹೇಗೆ?